ಮೊದಲ ಸಹಿ

"ಮನ ಒಲಿಸೋ ಕಾಗದ ಬರಿಯೋದನ್ನ ನಾನಿರೋವಾಗ ಇನ್ಯಾರು ಹೇಳ್ಕೊಡಬೇಕು?" ಎಂದು ಭಾನುವಾರ ಬೆಳಗ್ಗೆಯೇ ನಾಗಭೂಷಣ್ ಪಂಚೆ ಎತ್ತಿ ಕಟ್ಟಿದರು. ಬಸವೇಶ್ವರನಗರದ ಅಡ್ಡರಸ್ತೆಯೊಂದರ ನಿವಾಸಿಗಳ ಸಂಘಕ್ಕೆ ಅವರು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಬೀದಿದೀಪ, ಮೋರಿ, ನಾಯಿ ಕಾಟ, ಯಾವುದನ್ನೂ ಅರ್ಜಿ ಗುಜರಾಯಿಸದೆ ಬಿಟ್ಟವರಲ್ಲ.

ಐದನೇ ತರಗತಿಯ ಮಗಳು ಅನಘಾ ಪೆನ್ಸಿಲ್ ಕಚ್ಚುತ್ತ ಕೂತಿದ್ದಳು. ನಾಳೆ ಟೀಚರಿಗೆ ಕಾಗದ ಒಪ್ಪಿಸಬೇಕಿತ್ತು.

"ಏನು ವಿಷಯ ಪುಟ್ಟಿ?"

"ಮನೇಲಿರೋ ಹಳೇ ಸಾಮಾನೊಂದನ್ನ ಗುಜರಿಗೆ ಹಾಕು ಅಂತ ಅಮ್ಮಂಗೆ ಬರೀತಿದೀನಿ."

ನಾಗಭೂಷಣ್ ಹಿರಿಹಿರಿ ಹಿಗ್ಗಿದರು. ಹೆಂಡತಿ ಕಲಾ ತವರಿಂದ ತಂದ ಹೊಲಿಗೆ ಯಂತ್ರ ನಡುಮನೆಯಲ್ಲಿ ದಿನಾ ಅವರ ಮೊಣಕಾಲಿಗೆ ಬಡಿಯುತ್ತಿತ್ತು. ಸಾಮಾನು ಯಾವುದೆಂದು ಕೇಳುವ ಗೋಜಿಗೇ ಹೋಗದೆ, ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತ, ಪಿಸುದನಿಯಲ್ಲಿ ಹೇಳಿ ಬರೆಸಿದರು.

"ಬರಿ. ಜಾಗ ತಿನ್ನುತ್ತೆ. ಸದ್ದು ಜಾಸ್ತಿ, ಕೆಲಸ ಸೊನ್ನೆ. ಇಟ್ಕೊಂಡಿರೋರು ಗೋಳಾಡ್ತಾರೆ, ಕರಗಬಾರದು."

"ಸಹಿ ಬೇಕಾ ಅಪ್ಪ?"

"ಬೇಡ್ವಾ ಮತ್ತೆ? ದೊಡ್ಡೋರೊಬ್ರು ಮೊದ್ಲು ಹಾಕಿದ್ರೆ ಮಿಕ್ಕೋರು ಕಣ್ಮುಚ್ಕೊಂಡು ಹಾಕ್ತಾರೆ" ಎಂದವರೇ, ಮೇಲೇನಿದೆಯೆಂದು ನೋಡದೆ ಉದ್ದನೆಯ ಸಹಿ ಎಳೆದು ಸಂಘದ ಸೀಲನ್ನೂ ಒತ್ತಿದರು. ಅನಘಾ ಹಾಳೆ ಹಿಡಿದು ಬೀದಿಗೆ ಓಡಿದಳು.

ಮಧ್ಯಾಹ್ನ ಊಟಕ್ಕೆ ಬಡಿಸಿದ ಮೇಲೆ ಕಲಾ ಕಾಗದವನ್ನು ಗಟ್ಟಿಯಾಗಿ ಓದಿದಳು. "ವಿಷಯ: ಮೆಟ್ಟಿಲ ಕೆಳಗಿರುವ ಅಪ್ಪನ ಸ್ಕೂಟರನ್ನು ಗುಜರಿಗೆ ಹಾಕಿ, ನನ್ನ ಸೈಕಲ್‌ಗೆ ಜಾಗ ಮಾಡಿಕೊಡುವ ಬಗ್ಗೆ."

ನಾಗಭೂಷಣರ ತುತ್ತು ಕೈಯಲ್ಲೇ ಉಳಿಯಿತು. ಮೊದಲ ಸಂಬಳದಲ್ಲಿ ಕೊಂಡ ಸ್ಕೂಟರ್! ಕಿಕ್ ಹೊಡೆದು ಹೊಡೆದು ಕಾಲು ಸೋತಿತ್ತೇ ಹೊರತು ಅದರ ಮೇಲಿನ ಪ್ರೀತಿ ಒಂದಿಷ್ಟೂ ಇಳಿದಿರಲಿಲ್ಲ.

"ಅದು ನನ್ನ ಪ್ರಾಣ ಕಣೇ."

"ಗೋಳಾಡ್ತಾರೆ ಅಂತ ಇದರಲ್ಲೇ ಬರೆದಿದೆ ರೀ. ನಾಯಂಡಹಳ್ಳಿ ಗುಜರಿಯವನಿಗೆ ಫೋನ್ ಮಾಡಾಯ್ತು, ನಾಲ್ಕು ಗಂಟೆಗೆ ಬರ್ತಾನೆ."

ಅರ್ಧ ಊಟಕ್ಕೇ ಎದ್ದ ನಾಗಭೂಷಣ್, ಸ್ಕೂಟರ್ ಉಳಿಸಬೇಕೆಂದು ಅವಸರದಲ್ಲಿ ನಾಲ್ಕು ಸಾಲು ಗೀಚಿ ಎದುರು ಮನೆಯ ವಿಮಲಮ್ಮನ ಬಾಗಿಲು ತಟ್ಟಿದರು. ಆಕೆ ಕನ್ನಡಕ ಹುಡುಕಿ ಹಾಕಿಕೊಂಡು, ಒಂದಕ್ಷರ ಬಿಡದೆ ಓದಿ, ಹಾಳೆ ವಾಪಸ್ ಕೊಟ್ಟರು.

"ಆಗಲ್ಲ ಸಾರ್. ಸ್ಕೂಟರ್ ತೆಗೀಬೇಕು ಅಂತ ಹೇಳಿ ಅನಘಾ ತಂದಿದ್ದ ಕಾಗದಕ್ಕೆ ಆಗ್ಲೇ ಸಹಿ ಹಾಕಿದೀನಿ. ಇಡೀ ರಸ್ತೆನೇ ಹಾಕಿದೆ."

"ಅದನ್ನೂ ಹೀಗೇ ಪೂರ್ತಿ ಓದಿದ್ರಾ?"

"ಅಯ್ಯೋ, ಅದನ್ನ ಯಾಕೆ ಸಾರ್ ಓದ್ಬೇಕು? ಮೊದಲ ಸಹಿ ನಿಮ್ಮದೇ ಇತ್ತಲ್ಲ."