ಅತ್ಯುತ್ತಮ ಖಾಲಿ ಹುದ್ದೆ

ಹಳಿಯಾಚೆಯ ಬಡಾವಣೆಯಲ್ಲಿ ವೈದ್ಯರು ಇಲ್ಲ. ಈ ಸಂಗತಿಯನ್ನು ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿರುವ ವೈದ್ಯರೇ ಸಹಿ ಹಾಕಿ, ಮೊಹರು ಒತ್ತಿ ದೃಢೀಕರಿಸಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ.

ಎಲ್ಲ ಶುರುವಾದದ್ದು ಫ್ರಿಜ್‌ನಿಂದ. ಎರಡು ಕೋಣೆಯ ಆ ಚಿಕಿತ್ಸಾಲಯದ ಲಸಿಕೆ ಫ್ರಿಜ್, ಡಾಕ್ಟ್ರಮ್ಮ ಕೆಲಸಕ್ಕೆ ಸೇರುವಾಗಲೇ ಮುದಿಯಾಗಿತ್ತು. ಒಂದು ಸೋಮವಾರ ಗುರ್ ಎಂದು ನಿಂತೇಹೋಯಿತು. ಅದೇ ವಾರ ಬಡಾವಣೆಯ ಮಕ್ಕಳಲ್ಲಿ ದಡಾರ ಕಾಣಿಸಿಕೊಂಡಿತು. ನರ್ಸಕ್ಕ ದೊಡ್ಡಾಸ್ಪತ್ರೆಗೆ ಹೋಗಿ, ಐಸ್ ಪೆಟ್ಟಿಗೆಯಲ್ಲಿ ಲಸಿಕೆ ತುಂಬಿಕೊಂಡು, ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಐಸು ನೀರಾಗಿರುತ್ತಿತ್ತು. ಕೆಟ್ಟ ಲಸಿಕೆಯನ್ನು ಬಿಸಾಡುವಾಗಲೆಲ್ಲ ಡಾಕ್ಟ್ರಮ್ಮನ ಹೊಟ್ಟೆ ಉರಿಯುತ್ತಿತ್ತು. ಬಡಾವಣೆಯ ಹೊಲಿಗೆಯವಳ ಮಗಳಿಗೆ ಇನ್ನೇನು ಒಂಬತ್ತು ತಿಂಗಳು ತುಂಬಿ, ದಡಾರದ ಮೊದಲ ಲಸಿಕೆ ಹಾಕಬೇಕಿತ್ತು. ಅವರ ಪಕ್ಕದ ಮನೆಯಲ್ಲೇ ಇಬ್ಬರು ಮಕ್ಕಳು ದಡಾರದಿಂದ ಮಲಗಿದ್ದರು.

ಅರ್ಜಿ ಹೋಯಿತು. ಉತ್ತರವೂ ಬಂತು: 'ಫ್ರಿಜ್‌ಗಳನ್ನು ಸೇವಾವಂಚಿತ ಪ್ರದೇಶಗಳಿಗೆ ಮಾತ್ರ ನೀಡಲಾಗುವುದು. ಸೇವಾವಂಚಿತ ಪ್ರದೇಶವೆಂದರೆ ವೈದ್ಯರಿಲ್ಲದ ಪ್ರದೇಶ. ತಮ್ಮ ಪ್ರದೇಶದಲ್ಲಿ ತಾವಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಆದ್ದರಿಂದ ಅರ್ಜಿಯನ್ನು ವಿಷಾದಪೂರ್ವಕವಾಗಿ ಹಿಂತಿರುಗಿಸಿದೆ.' ತಾನಿರುವುದು ಇಲಾಖೆಯ ಗಮನಕ್ಕೆ ಬಂದದ್ದು ಡಾಕ್ಟ್ರಮ್ಮನಿಗೆ ಇದೇ ಮೊದಲ ಸಲ ತಿಳಿದದ್ದು.

ಆಕೆ ನೇರವಾಗಿ ಯೋಜನಾಧಿಕಾರಿಯ ಮೇಜಿನೆದುರು ಹೋಗಿ ನಿಂತರು.

"ಸಾರ್, ಮಕ್ಕಳಿಗೆ ದಡಾರ. ಫ್ರಿಜ್ ಬೇಕೇ ಬೇಕು."

"ಬೇಕು ಅನ್ನೋದು ನಮಗೂ ಗೊತ್ತು ಮೇಡಂ. ಅಡ್ಡ ಬಂದಿರೋದು ನೀವೇ."

"ನಾನು ಬಿಟ್ಟು ಹೋದ್ರೆ ಕೊಡ್ತೀರಾ?"

"ಮೂರೇ ವಾರದಲ್ಲಿ."

"ಆಮೇಲೆ ಸೂಜಿ ಹಾಕೋರು ಯಾರು?"

"ವೈದ್ಯರನ್ನ ಕೊಡೋಕೆ ಬೇರೆ ಯೋಜನೆ ಇದೆ. ಆದ್ರೆ ಅದರ ಅರ್ಜಿಗೆ ಅಲ್ಲಿನ ವೈದ್ಯರೇ ಸಹಿ ಹಾಕ್ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಅಧಿಕಾರಿ ಅಂಥವರಲ್ಲ, ಮರುಕವುಳ್ಳ ಮನುಷ್ಯ. ದನಿ ತಗ್ಗಿಸಿ, "ಹೋಗೋದು ಯಾಕೆ ಮೇಡಂ? ಇಲ್ಲದೇ ಇದ್ರೆ ಸಾಕು" ಎಂದು ನಮೂನೆ ಹದಿನಾಲ್ಕನ್ನು ಮುಂದಿಟ್ಟರು. ಅದರ ಹೆಸರು 'ವೈದ್ಯರ ಅಭಾವ ದೃಢೀಕರಣ ಪತ್ರ'. ನಿಯಮದಂತೆ ಅದಕ್ಕೆ ಸ್ಥಳೀಯ ವೈದ್ಯರ ಸಹಿ ಕಡ್ಡಾಯ.

ಡಾಕ್ಟ್ರಮ್ಮ ಅದನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷದ ಹೆರಿಗೆ, ಜ್ವರ, ಗಾಯದ ಹೊಲಿಗೆಗಳೆಲ್ಲ ಒಮ್ಮೆ ಕಣ್ಣ ಮುಂದೆ ಬಂದುಹೋದವು. ನಿಜ ಹೇಳಬೇಕೆಂದರೆ ಆಕೆಗೆ ಅಳು ಬಂತು. ಆಮೇಲೆ ಹೊಲಿಗೆಯವಳ ಕೂಸು ನೆನಪಾಗಿ, ಸಹಿ ಹಾಕಿದರು.

ಸ್ಥಳ ಪರಿಶೀಲನೆಗೆ ಅಧಿಕಾರಿಯೇ ಬಂದರು. ಹಳಿ ದಾಟುವ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅವರಿಗೆ ತಲೆ ಸುತ್ತಿತು. ಡಾಕ್ಟ್ರಮ್ಮ ಅವರನ್ನು ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ, "ಬಿ.ಪಿ. ನೂರಾ ಎಂಬತ್ತಿದೆ. ಉಪ್ಪು ಕಡಿಮೆ ಮಾಡಿ" ಎಂದು ಮಾತ್ರೆ ಕೊಟ್ಟರು. ಅಧಿಕಾರಿ ಮಲಗಿದಲ್ಲಿಂದಲೇ ಕಡತ ಬಿಚ್ಚಿ ನರ್ಸಕ್ಕನತ್ತ ತಿರುಗಿದರು.

"ಇಲ್ಲಿ ಡಾಕ್ಟ್ರು ಇದಾರೇನಮ್ಮಾ?"

ನರ್ಸಕ್ಕ ಡಾಕ್ಟ್ರಮ್ಮನ ಮುಖ ನೋಡಿದಳು. ಡಾಕ್ಟ್ರಮ್ಮ ತಲೆಯಾಡಿಸಿದರು.

"ಇಲ್ಲ ಸಾರ್."

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು ವರ್ಷದಿಂದ."

"ಅಯ್ಯೋ ಪಾಪ," ಎಂದು ಅಧಿಕಾರಿ ಮನಸಾರೆ ನೊಂದುಕೊಂಡು ಬರೆದುಕೊಂಡರು. ಹೋಗುವಾಗ, ಮತ್ತೆ ತೋರಿಸಲು ಯಾವಾಗ ಬರಲಿ ಎಂದು ಡಾಕ್ಟ್ರಮ್ಮನನ್ನು ಕೇಳಿದರು.

ಹೇಳಿದ ಮಾತಿಗೆ ತಪ್ಪದೆ ಮೂರನೇ ವಾರ ಫ್ರಿಜ್ ಬಂತು. ಜೊತೆಗೆ ಬಾಗಿಲಿಗೆ ತೂಗುಹಾಕಲು ಬೋರ್ಡೂ ಬಂತು: 'ಇಲ್ಲಿ ವೈದ್ಯರು ಇರುವುದಿಲ್ಲ. ಸಮಯ: ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ.' ಡಾಕ್ಟ್ರಮ್ಮನ ಸಂಬಳ 'ಖಾಲಿ ಕೊಠಡಿ ನಿರ್ವಹಣೆ' ಎಂಬ ತಲೆಬರಹದಡಿ ಬರತೊಡಗಿತು. ಜನ ಬಲುಬೇಗ ಹೊಂದಿಕೊಂಡರು. ಕೆಮ್ಮುವ ಅಜ್ಜನೊಬ್ಬ ಬಾಗಿಲಲ್ಲಿ ನಿಂತು, "ಡಾಕ್ಟ್ರಮ್ಮ ಇಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬಂದು ಅಂಗಿ ಎತ್ತುತ್ತಿದ್ದ. ಲಸಿಕೆ ಚೀಟಿಯಲ್ಲಿ 'ನೀಡಿದವರು' ಎಂಬಲ್ಲಿ ನರ್ಸಕ್ಕ ಗುಂಡಗಿನ ಅಕ್ಷರದಲ್ಲಿ 'ಯಾರೂ ಇಲ್ಲ' ಎಂದು ಬರೆಯುತ್ತಿದ್ದಳು.

ದಡಾರ ನಿಂತಿತು. ಒಂದು ಮಗುವೂ ಸಾಯಲಿಲ್ಲ.

ವರ್ಷದ ಕೊನೆಗೆ ಇಲಾಖೆ ಅಂಕಿಅಂಶಗಳನ್ನು ನೋಡಿ ಬೆರಗಾಯಿತು. ವೈದ್ಯರಿರುವ ಯಾವ ಬಡಾವಣೆಯೂ ಇಷ್ಟು ಚೆನ್ನಾಗಿ ನಡೆದಿರಲಿಲ್ಲ. ಹಳಿಯಾಚೆಗೆ 'ಅತ್ಯುತ್ತಮ ಖಾಲಿ ಹುದ್ದೆ' ಪ್ರಶಸ್ತಿ ಘೋಷಣೆಯಾಯಿತು. ಈ ಮಾದರಿಯನ್ನು ಎಲ್ಲೆಡೆ ವಿಸ್ತರಿಸುವಂತೆ ಸುತ್ತೋಲೆಯೂ ಹೊರಟಿತು. ಸಮಾರಂಭದಲ್ಲಿ ವೇದಿಕೆಯ ಮೇಲೊಂದು ಕುರ್ಚಿಯನ್ನು ಖಾಲಿ ಬಿಟ್ಟು, ಅದರ ಮೇಲೆ ಹೂಗುಚ್ಛ ಇಟ್ಟರು. "ಇಂಥ ಜಾಗಕ್ಕೆ ಯಾವ ವೈದ್ಯರೂ ಬರಲೊಪ್ಪದಿರುವುದು ನಾಚಿಕೆಗೇಡು," ಎಂದು ಅಧಿಕಾರಿ ಮೈಕಿನಲ್ಲಿ ಗದ್ಗದಿತರಾದರು. ಮಾತಿನ ನಡುವೆ ಕೆಳಗೆ ಕೂತಿದ್ದ ಡಾಕ್ಟ್ರಮ್ಮನತ್ತ ನೋಡಿ, ಮಾತ್ರೆ ತಗೊಂಡಿದ್ದೇನೆ ಎಂದು ಕೈಸನ್ನೆ ಮಾಡಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟ್ರಮ್ಮನೂ ತಟ್ಟಿದರು.

ಪಕ್ಕದಲ್ಲಿ ಹೊಲಿಗೆಯವಳು ಕೂತಿದ್ದಳು. ಮಗಳು ತೊಡೆಯ ಮೇಲೆ ನಿಂತು ಕುಣಿಯುತ್ತಿದ್ದಳು. ಹೊಲಿಗೆಯವಳು ಡಾಕ್ಟ್ರಮ್ಮನ ಕೈ ಹಿಡಿದುಕೊಂಡಳು, ಕಣ್ಣು ತುಂಬಿತ್ತು.

"ನೀವು ಇಲ್ಲದೇ ಇದ್ದದ್ದಕ್ಕೇ ಡಾಕ್ಟ್ರಮ್ಮ, ನನ್ನ ಮಗು ಉಳೀತು."

"ಆಯ್ತು ಬಿಡವ್ವ," ಎಂದರು ಡಾಕ್ಟ್ರಮ್ಮ, ಕೂಸಿನ ಕೆನ್ನೆ ಸವರಿ. "ನಾಳೆ ಇವಳಿಗೆ ಎರಡನೇ ಲಸಿಕೆ. ಒಂಬತ್ತಕ್ಕೇ ಬಾ, ಯಾರೂ ಇರಲ್ಲ."