ಮಿಲ್ಲಿನ ಲೈನ್ ಮನಿಗೆ ಕಲಾವಿದರು ಬಂದ ಫಜೀತಿ

ಮಂದಿ ಓಣ್ಯಾಗ ಹಬ್ಬಕ್ಕೊಮ್ಮೆ, ಲಗ್ನಕ್ಕೊಮ್ಮೆ ನಗೋ ಪ್ರಸಂಗ ಬರ್ತೈತಿ. ನಮ್ಮ ಓಣ್ಯಾಗ ಹಲ್ಲುಜ್ಜಾಕ ಹೊರಗ ಬಂದ್ರ ಸಾಕು, ಏನಾರ ಒಂದು ಆಗೇ ತೀರ್ತೈತಿ. ನಾ ಏನ್ ಪಾಪ ಮಾಡೀನೋ, ಅದೆಲ್ಲಾ ನನ್ನ ಕಣ್ಣ ಮುಂದ ಆಗ್ತೈತಿ, ಆಮ್ಯಾಲೆ ಬೈಸ್ಕೊಳ್ಳೋದೂ ನಾನ.

ಹಕೀಕತ್ ಹಿಂಗೈತಿ. ಸಿಂಧನೂರಾಗ ನಾ ಗುಮಾಸ್ತಕಿ ಮಾಡ್ತಿದ್ದ ಅಕ್ಕಿ ಮಿಲ್ಲು ಬಂದ್ ಆತು. ಮಿಲ್ಲಿನ ಹಿಂದ ಹಮಾಲರಿಗಂತ ಕಟ್ಟಿಸಿದ ಲೈನ್ ಮನಿ ಅದಾವು. ಹಮಾಲರು ಹ್ವಾದ್ರು, ಅವರ ಹಿಂದ ಚಾದಂಗಡಿ ಹೋತು, ಕಿರಾಣಿ ಹೋತು, ಓಣಿ ಭಣಭಣ ಅನ್ನಾಕತ್ತಿತು. ಮಿಲ್ಲಿನ ಸಾವ್ಕಾರ್ರ ಮಗಳು ನಾಲ್ಕೂರು ತಿರುಗಿ ಬಂದಾಕಿ. "ಅಪ್ಪಾ, ಈ ಮನಿ ಕಲಾವಿದರಿಗೆ ಕಮ್ಮಿ ಬಾಡಗಿಗೆ ಕೊಡು, ಓಣಿಗೆ ಜೀವ ಬರ್ತೈತಿ" ಅಂತ ಗಂಟುಬಿದ್ದಳು. ಸಾವ್ಕಾರ್ರು ಒಪ್ಪಿದ್ರು. ಆದ್ರ ಒಂದು ಮಾತು ಅಂದ್ರು: "ಯುಗಾದಿ ತನಕ ನೋಡ್ತೀನಿ. ಓಣಿ ಮಂದಿ ಇವ್ರು ಇರ್ಲಿ ಅಂದ್ರ ಇರ್ಲಿ. ಬ್ಯಾಡ ಅಂದ್ರ ಎಲ್ಲಾ ಕೆಡವಿ ನೆಲ್ಲಿನ ಗೋಡೌನ್ ಮಾಡ್ತೀನಿ."

ಆ ಲೈನಿನ ಮೊದಲನೇ ಮನಿ ನಂದು. ಗೋಡೌನ್ ಆತಂದ್ರ ನಾನೂ ನನ್ನ ಹೆಂಡ್ತಿನೂ ಟ್ರಂಕ್ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅದಕ್ಕ ಈ ಕಲಾವಿದರನ್ನ ಸಂಭಾಳಿಸೋ ಕೆಲಸ ನನ್ನ ಕೊಳ್ಳಿಗೆ ಬಿತ್ತು. ಇನ್ನ ಓಣಿ ಮಂದಿ ಅಂದ್ರ ಯಾರು? ಹೇಳಾಕ ಮಂದಿ, ಖರೇ ಅಂದ್ರ ಎದುರು ಮನಿ ಮುದುಕಿ ಒಬ್ಬಾಕಿ. ಆಕಿ ಹೂಂ ಅಂದ್ರ ಓಣಿ ಹೂಂ, ಆಕಿ ಊಹೂಂ ಅಂದ್ರ ಓಣಿ ಊಹೂಂ.

ನಿನ್ನ ಕಲಾ ಏನೋ ತಮ್ಮಾ?

ಕಲಾವಿದರಿಗೆ ಸೋವಿ ಬಾಡಗಿ ಅಂತ ಸುದ್ದಿ ಹಬ್ಬಿದ್ದ ತಡ, ಇಡೀ ತಾಲೂಕು ಕಲಾವಿದ ಆಗಿಬಿಡ್ತು. ಒಬ್ಬಾಕಿ ರೊಟ್ಟಿ ಬಡಿಯೋದು ಕಲಾ ಅಂದ್ಲು. ಒಬ್ಬಾವ, "ನಾ ಯಾರ ಮಣ್ಣಿಗೆ ಹ್ವಾದ್ರೂ ಸತ್ತವ್ರ ಮನಿಯವ್ರಿಗಿಂತ ಜೋರಾಗಿ ಅಳ್ತೀನ್ರೀ" ಅಂದ. ಜವಳಗೇರಾದಿಂದ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಬಂದ.

"ನಿನ್ನ ಕಲಾ ಏನೋ ತಮ್ಮಾ?"

"ರಿವರ್ಸ್ರೀ."

"ರಿವರ್ಸು ಯಾವ ಸೀಮಿ ಕಲಾನೋ?"

"ನೋಡಿ ಮಾತಾಡ್ರಿ ಕಾಕಾ."

ಎರಡು ಎಮ್ಮಿ ಎದುರುಬದುರು ಬಂದ್ರ ಒಂದು ನಿಂತು ದಾರಿ ಬಿಡಬೇಕು, ಅಷ್ಟು ಇಕ್ಕಟ್ಟಿನ ಓಣಿ ನಮ್ಮದು. ಅದರಾಗ ಆ ಪುಣ್ಯಾತ್ಮ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನ ಕುತಿಗಿ ಹೊಳ್ಳಿಸಿ ನೋಡ್ಕೋತ, ಒಂದ ಕೈಲೆ ಸ್ಟೇರಿಂಗ್ ತಿರುವ್ಕೋತ, ಹಿಂದಕ ತಂದು ನನ್ನ ಬಾಗಲ ಮುಂದ ನಿಲ್ಲಿಸಿದ. ಗ್ವಾಡಿಗೆ ಬಡಿದ ಒಂದು ಸಗಣಿ ಕುಳ್ಳು ಸೈತ ಬೀಳಲಿಲ್ಲ. ಓಣಿ ಮಂದಿ ಚಪ್ಪಾಳಿ ಹೊಡದು, ಸೀಟಿ ಹೊಡದು, ಇನ್ನೊಮ್ಮೆ ಇನ್ನೊಮ್ಮೆ ಅಂದ್ರು.

ಅಷ್ಟಾದ್ರೂ ನಾ ಮನಿ ಕೊಟ್ಟದ್ದು ಒಬ್ಬ ದೊಡ್ಡಾಟದವಗ, ಒಬ್ಬ ಹಲಗಿ ಬಾರಿಸೋನಿಗೆ, ಒಬ್ಬ ಬೋರ್ಡ್ ಬರಿಯೋ ಪೇಂಟರ್‌ಗೆ. ಮುದುಕಿ ಅವತ್ತಿಂದನ ನನ್ನ ಮ್ಯಾಲೆ ಸಿಟ್ಟು.

"ಬುದ್ಧಿ ಐತೇನೋ ನಿನಗ? ಟ್ರ್ಯಾಕ್ಟರ್ ಸಮೇತ ಬರೋಬ್ಬರಿ ಕಲಾವಿದ ಬಂದಿದ್ದ, ಹೊಳ್ಳಿ ಕಳಿಸಿಬಿಟ್ಟಿ. ಇವ್ರ ಹಾಡಿನ ಮ್ಯಾಲೆ ಹೇರಿದ್ರ ನಮ್ಮ ಮನಿಗೆ ಕಟಗಿ ಬರ್ತಾವೇನು?"

ಸಿಲಿಂಡರ್ ಪ್ರವೇಶ

ದೊಡ್ಡಾಟದಾವ ರಾಕ್ಷಸನ ಪಾರ್ಟಿನಾವ. ದೊಡ್ಡಾಟ ನೋಡಿದವ್ರಿಗೆ ಗೊತ್ತೈತಿ, ರಾಕ್ಷಸ ತಾನಾಗೇ ಬಂದು ಹೆಸರು ಹೇಳಂಗಿಲ್ಲ. ಸಾರಥಿ ಬಂದು "ತಾವು ಧಾರು?" ಅಂತ ಕೇಳಬೇಕು. ಆಗ ಈತ ಮೂರು ಸುತ್ತು ಕುಣಿದು, ನೆಲ ಒದ್ದು, ತನ್ನ ಪ್ರತಾಪ ಹೇಳಬೇಕು. ಮನ್ಯಾಗ ಒಬ್ಬನ ಪ್ರಾಕ್ಟೀಸ್ ಮಾಡೋ ಮನಿಶಾಗ ಸಾರಥಿ ಎಲ್ಲಿಂದ ಬರಬೇಕು? ಬಾಗಲ ಬಡಿದವ್ರೆಲ್ಲಾ ಅವನಿಗೆ ಸಾರಥಿನ.

ಒಂದಿನ ಸಿಲಿಂಡರ್ ತರಾವ ಬಂದು, "ಯಾರ್ರೀ ಮನ್ಯಾಗ?" ಅಂದ.

ಸಾಕಲ್ಲ! ಒಳಗಿಂದ ಗರ್ಜನಿ ಬಂತು: "ಭಳಿರೇ ಸಾರಥೀ! ಮೂರು ಲೋಕವಂ ಗಡಗಡನೆ ನಡುಗಿಸುವ ಎನ್ನನ್ನು ಧಾರೆಂದು ಕೇಳುವಿಯಾ?"

ಸಿಲಿಂಡರಿನಾವ ಹೆದರಲಿಲ್ಲ. ದಿನಾ ಎಂಥೆಂಥವ್ರನ್ನ ನೋಡಿರ್ತಾನ. "ಯಾರರ ಇರ್ರಿ ಅಣ್ಣಾ, ಓಟಿಪಿ ಹೇಳ್ರಿ" ಅಂದ.

ನಮ್ಮಾವ ಮೊಬೈಲ್ ಹಿಡಕೊಂಡು ಹೊರಗ ಬಂದು, ಥಕ ಥೈ ಅಂತ ಮೂರು ಸುತ್ತು ಹಾಕಿದ. "ಕೇಳುವಂಥವನಾಗೋ ಸಾರಥಿ! ಮೊದಲನೆಯದು, ಪಾಂಡವರೆಷ್ಟು ಮಂದಿಯೋ ಅಷ್ಟು!" ಮತ್ತ ಮೂರು ಸುತ್ತು. "ಎರಡನೆಯದು, ಬ್ರಹ್ಮದೇವನ ಮುಖಗಳೆಷ್ಟೋ ಅಷ್ಟು!" ಕಟ್ಟಿ ಮ್ಯಾಲಿನ ಮಂದಿ ಬೆರಳು ಎಣಿಸಾಕತ್ತಿದ್ರು. ಮೂರನೇದಕ್ಕ ನವಗ್ರಹ ಬಂದ್ವು. ನಾಲ್ಕನೇದಕ್ಕ ಮೀಸಿ ತಿರುವಿ, ತೊಡಿ ತಟ್ಟಿ, "ಲಂಕೆಯ ರಾವಣನ ತಲೆಗಳೊಳಗೆ" ಅಂತ ಶುರು ಮಾಡಿದ.

"ಏ, ನಿಂದ್ರೋ! ರಾವಣಂದು ಹತ್ತು ಆಗ್ತಾವು. ಒಂದ ಅಂಕಿ ಹೇಳಬೇಕಲ್ಲಿ" ಅಂತ ಮುದುಕಿ ತನ್ನ ಕಟ್ಟಿಯಿಂದ ತಕರಾರು ತಗದ್ಲು.

"ಪೂರಾ ಕೇಳಬೇ ಯವ್ವಾ! ಅದರಾಗ ಎರಡು ಕಳೀಬೇಕು ಅನ್ನೋನಿದ್ದೆ!"

"ರಾವಣನ ತಲಿ ಕಡಿಯಾಕ ನೀ ಯಾವ ರಾಮನೋ?"

ಇಬ್ಬರದೂ ಜಗಳ ಹತ್ತಿತು. ಅಷ್ಟೊತ್ತಿಗೆ ಸಿಲಿಂಡರಿನಾವ ಫೋನ್ ನೋಡಿ ಹಣಿ ಹಣಿ ಬಡ್ಕೊಂಡ.

"ಅಣ್ಣಾ, ಟೈಮ್ ಮುಗದು ಓಟಿಪಿ ಸತ್ತೈತಿ. ಇನ್ನೊಂದು ಕಳಸ್ತೀನಿ. ನಿಮ್ಮ ಕಾಲು ಬೀಳ್ತೀನಿ, ಅದನ್ನರ ಸಣ್ಣಾಟದಾಗ ಮುಗಸ್ರಿ."

ಹಲಗಿ ಸಪ್ಪಳ

ನಮ್ಮ ಕಡೆ ಮನಿ ಮುಂದ ಹಲಗಿ ಬಾರಿಸ್ತಾರಂದ್ರ ದೇವ್ರು ಹೊಂಟಿರಬೇಕು, ಇಲ್ಲಾ ಹೆಣ ಹೊಂಟಿರಬೇಕು. ಇದು ಹಲಗಿಯಾವಗ ಗೊತ್ತಿಲ್ಲಂತಲ್ಲ. ಆದ್ರ ಅವನಿಗೆ ನೆರಳು ಬೇಕಿತ್ತು, ನೆರಳು ಮುದುಕಿ ಬಾಗಲದಾಗ ಇತ್ತು. ಒಂದಿನ ಹೊತ್ತೇರಿದ ಮ್ಯಾಲೆ ಹುಲ್ಲು ಹೊತ್ತಿಸಿ, ಹಲಗಿ ಕಾಸಿ, ಅಲ್ಲೇ ನಿಂತು ಬಾರಿಸಾಕತ್ತ.

ಅದ ಹೊತ್ತಿಗೆ ಮಸ್ಕಿಯಿಂದ ಮುದುಕಿ ತಂಗಿ ಫೋನ್ ಮಾಡ್ಯಾಳ. ಮುದುಕಿ ಫೋನ್ ಎತ್ತಿದ್ಲು, ಉಳ್ಳಾಗಡ್ಡಿ ಗಾಡಿಯಾವ ಕೂಗಿದ್ದು ಕೇಳಿ ಫೋನ್ ಕಟ್ಟಿ ಮ್ಯಾಲೆ ಇಟ್ಟು ರೇಟಿನ ಜಗಳಕ್ಕ ಹ್ವಾದ್ಲು. ಆ ಕಡೆ ತಂಗಿಗೆ ಅಕ್ಕನ ದನಿ ಇಲ್ಲ. ಬರೇ ಹಲಗಿ, ನಡುವ ಹೆಂಗಸರು ಒದರೋದು. ಮುಗೀತು.

ಮಧ್ಯಾಹ್ನಕ್ಕ ಎರಡು ಆಟೋ ತುಂಬ ಮಂದಿ ಬಂದಿಳಿದ್ರು. ಮಸ್ಕಿಯಿಂದ ತಂಗಿ, ತಂಗಿ ಮಕ್ಕಳು. ಲಿಂಗಸುಗೂರಿಂದ ದೊಡ್ಡ ಮಗಳು, ಅಳಿಯ, ಅಳಿಯನ ಕೈಯಾಗ ಚೆಂಡುಹೂವಿನ ಹಾರ. ಓಣಿ ಬಾಯಾಗ ಇಳಿದವ್ರ, "ಯವ್ವಾ, ನನ್ನ ತಾಯೀ" ಅಂತ ಎದಿ ಬಡ್ಕೊಂಡು ಅಳಾಕ ಶುರು ಮಾಡಿದ್ರು.

ಅಳೋ ಸಪ್ಪಳ ಕೇಳಿ ಮುದುಕಿ ಒಳಗಿಂದ ಓಡಿ ಬಂದ್ಲು. ಕಣ್ಣು ಸರಿಯಾಗಿ ಕಾಣಂಗಿಲ್ಲ ಆಕಿಗೆ. ಮಂದಿ ಅಳಾಕತ್ತಾರಂದ್ರ ತಾನು ಸುಮ್ಮನ ನಿಲ್ಲೋದು ಚೆಂದಲ್ಲಂತ ಗುಂಪಿನ್ಯಾಗ ಸೇರಿ, ಸೆರಗು ಬಾಯಿಗಿಟ್ಟು ತಾನೂ ಅಳಾಕತ್ಲು. ಅಕ್ಕತಂಗಿ ಒಬ್ಬರ ಕೊಳ್ಳು ಒಬ್ಬರು ಹಿಡಕೊಂಡು ಅತ್ತದ್ದು ನೋಡಿ ನನಗೂ ಕಣ್ಣಾಗ ನೀರು ಬಂತು, ದೇವರಾಣಿ. ಸಾಕಷ್ಟು ಅತ್ತ ಮ್ಯಾಲೆ ಮುದುಕಿ ಮೂಗು ಒರಸ್ಕೋತ, "ಯಾರು ತೀರ್ಕೊಂಡ್ರ ಬೇ?" ಅಂದ್ಲು.

"ನಮ್ಮಕ್ಕ ಬೇ" ಅಂತ ತಂಗಿ ತಲಿ ಎತ್ತಿದ್ಲು. ಎತ್ತಿದಾಕಿ ಚಿಟ್ಟನೆ ಚೀರಿ ಅಲ್ಲೇ ಕುಂತುಬಿಟ್ಲು.

ಎಲ್ಲಾ ತಿಳಿದ ಮ್ಯಾಲೆ ಮುದುಕಿ ಸೊಂಟದ ಮ್ಯಾಲೆ ಕೈ ಇಟ್ಕೊಂಡು ಬಂದವ್ರನ್ನ ಒಬ್ಬೊಬ್ಬರಾಗಿ ಹತ್ತರ ಹೋಗಿ ತಪಾಸಣಿ ಮಾಡಿದ್ಲು. ಅಳಿಯನ ಗಲ್ಲ ಉಬ್ಬಿತ್ತು.

"ಏನ್ರೀ ಅಳಿಯಂದ್ರ, ನಾ ಸತ್ತೀನಂದ್ರೂ ಬಾಯಾಗಿನ ಎಲಿಅಡಿಕಿ ಉಗುಳಲಿಲ್ಲಲ್ಲ ನೀವು?"

"ಛೇ ಛೇ, ಹಂಗೇನಿಲ್ಲತ್ತಿ" ಅಂದ ಅಳಿಯ. "ಇಲ್ಲಿತನ ಬಾಯಿ ಖಾಲಿನ ಇತ್ರಿ. ನೀವು ಬದುಕೀರಂತ ಗೊತ್ತಾದ ಮ್ಯಾಲೆ ಸಂಕಟ ತಡಿಲಾರದ ಹಾಕ್ಕೊಂಡೀನಿ."

ಗ್ವಾಡಿ ಮ್ಯಾಲಿನ ನಳ

ಹಲಗಿ ಪ್ರಕರಣ ಆದ ಮ್ಯಾಲೆ ಮುದುಕಿ ಕೆಂಡ ಆಗಿಬಿಟ್ಲು. "ಯುಗಾದಿಗೆ ಸಾವ್ಕಾರ ಬರ್ಲಿ, ಗೋಡೌನ ಛಲೋ ಅಂತೀನಿ. ನೆಲ್ಲಿನ ಚೀಲ ಒದರಂಗಿಲ್ಲ, ಕುಣಿಯಂಗಿಲ್ಲ" ಅಂದ್ಲು. ನನ್ನ ಹೆಂಡ್ತಿ ಟ್ರಂಕಿನ ಧೂಳು ಝಾಡಿಸಿ ಇಟ್ಲು. ನನ್ನ ಮಕ್ಕಳು ಅಂಬೆಗಾಲಿಟ್ಟ ಮನಿ ಅದು, ಬಿಡು ಅಂದ್ರ ಹೆಂಗ ಬಿಡ್ಲಿ?

ಉಳಿದಾವ ಪೇಂಟರ್ ಒಬ್ಬನ. ಮಸ್ಕಿಯಾವ, ಫ್ಲೆಕ್ಸ್ ಬಂದ ಮ್ಯಾಲೆ ಕೈಗೆ ಕೆಲಸ ಇಲ್ಲ, ಭೋಳೆ ಮನಿಶಾ. "ಏನರ ಮಾಡೋ ಮಾರಾಯ, ಮುದುಕಿಗೆ ಪಸಂದ್ ಬರೋ ಚಿತ್ರ ಒಂದು ತಗಿ" ಅಂತ ಬೇಡ್ಕೊಂಡೆ. ಆತ ಹೋಗಿ ಕೇಳಿದ: "ಯವ್ವಾ, ಓಣಿ ಗ್ವಾಡಿ ಮ್ಯಾಲೆ ಏನು ತಗೀಲಿ? ನವಿಲು ತಗೀಲೇನು?"

"ನವಿಲು ಕಟಗೊಂಡು ಏನ್ ಮಾಡ್ಲೋ? ಓಣ್ಯಾಗ ಒಂದು ನಳ ಇಲ್ಲ. ನಳ ತಗಿ, ಹೋಗು!" ಅಂತ ಬೈದು ಕಳಿಸಿದ್ಲು.

ಆತ ಖರೇನ ನಳ ತಗದ. ಓಣಿ ಬಾಯಾಗಿನ ಗ್ವಾಡಿ ಮ್ಯಾಲೆ, ನೀಲಿ ಪೈಪು, ಹಿತ್ತಾಳಿ ತೋಟಿ, ತುದಿಯಾಗ ಈಗ ಬೀಳ್ತೈತೋ ಆಗ ಬೀಳ್ತೈತೋ ಅನ್ನೋ ಒಂದು ಹನಿ. ನನಗ ನೋಡಿ ನೀರಡಿಕಿ ಆತು.

ಮರುದಿನ ಯಾವಳೋ ಒಬ್ಬಾಕಿ ಅದರ ಬುಡಕ ಕೊಡ ಇಟ್ಟು, ನೀರು ತುಂಬೋರ ಹಂಗ ಫೋಟೊ ತಗಿಸ್ಕೊಂಡು, ಕೊಡ ಅಲ್ಲೇ ಮರೆತು ಹ್ವಾದ್ಲು. ನಮ್ಮ ಕಡೆ ನಳ ಯಾರೂ ನೋಡಂಗಿಲ್ಲ, ಕೊಡ ನೋಡ್ತಾರ. ಒಂದು ಕೊಡ ಕಂಡ್ರ ಹಿಂದ ಇನ್ನೊಂದು ಇಟ್ಟು ಪಾಳಿ ಹಿಡಿಯೋದು, ನೀರು ಯಾವಾಗರ ಬರ್ಲಿ. ನಾ ಚಾ ಕುಡದು ಬರೋದ್ರಾಗ ಹಸರು, ಕೆಂಪು, ಹಳದಿ ಕೊಡದ ಪಾಳಿ ಆಟೋ ಸ್ಟ್ಯಾಂಡ್ ಮುಟ್ಟಿತ್ತು. ಮುಂದಿನ ಕೊಡ ಸರಿಸಿ ತನ್ನದಿಟ್ಟು ಮುದುಕಿ ಎಲ್ಲಾರಿಗಿಂತ ಮೊದಲು ನಿಂತಿದ್ಲು. ಆಕಿ ಕಣ್ಣಿನ ಹಕೀಕತ್ ನಿಮಗ ಗೊತ್ತೇ ಐತಿ.

"ಯವ್ವಾ, ಅದು ಚಿತ್ರ ಬೇ!" ಅಂದೆ.

"ಸುಮ್ಮನಿರೋ, ನಿನ್ನ ಕೊಡ ಮುಂದ ಇಡಾಕ ಆಟ ಹೂಡ್ಬ್ಯಾಡ!" ಅಂತ ಹತ್ತು ಮಂದಿ ನನ್ನ ಮ್ಯಾಲೆ ಬಂದ್ರು.

ಜಗಳ ಜೋರಾತು, ರಸ್ತಾ ಬಂದ್ ಆತು. ಯಾರೋ ವಾರ್ಡಿನ ಮೆಂಬರಿಗೆ ಫೋನ್ ಹಚ್ಚಿದ್ರು. ಮೆಂಬರ್ ಬಂದವನ, ಇಷ್ಟು ಮಂದಿ ಒಂದ ಕಡೆ ಸಿಕ್ಕದ್ದು ನೋಡಿ ಹುರುಪಾಗಿ ಕಟ್ಟಿ ಏರಿದ. ಎಲ್ಲಾರ ಕೈಯಾಗ ಮೊಬೈಲ್, ಎಲ್ಲಾ ವಿಡಿಯೋ. "ತಾಯಂದಿರ, ಈ ನಳಕ್ಕ ನೀರು ಬಿಡಸಲಿಲ್ಲಂದ್ರ ನಾ ಮೆಂಬರ ಅಲ್ಲ!" ಅಂತ ನಳ ತೋರಿಸಿ ಎದಿ ತಟ್ಕೊಂಡ.

ನೀರು ಬಿಡಾವ ಬಂದ. ಪೈಪಿಗೆ ಕಿವಿ ಹಚ್ಚಿದ, ಗ್ವಾಡಿ ಬಡಿದ, ಕಡೀಗೆ ತೋಟಿ ತಿರುವಾಕ ಹ್ವಾದ. ಕೈಗೆ ಹಳದಿ ಬಣ್ಣ ಬಂತು.

ಪೇಂಟರ್ ನನ್ನ ಬೆನ್ನ ಹಿಂದ ಬಂದು ನಿಂತು, "ಕಾಕಾ, ಮಸ್ಕಿಗೆ ಬಸ್ ಎಷ್ಟೊತ್ತಿಗೈತಿ?" ಅಂದ. ನಮ್ಮ ಮನಿ ಹೋತು ಅಂದ್ಕೊಂಡೆ ನಾನು.

ಮೆಂಬರ್ ಹಲ್ಲು ಕಿಸದು ಕಟ್ಟಿ ಇಳಿಯಾಕತ್ತ. ಮುದುಕಿ ಅವನ ಅಂಗಿ ಹಿಡದ್ಲು. "ಎಲ್ಲಿ ಹೊಂಟಿ? ನಳ ಬಣ್ಣದ್ದಿದ್ರ ಇರ್ಲಿ, ನೀ ಕೊಟ್ಟ ಮಾತು ಬಣ್ಣದ್ದೇನು? ಈ ನಳಕ್ಕ ನೀರು ಬಿಡಸ್ತೀನಂದಿ. ಎಲ್ಲಾರ ಮೊಬೈಲ್‌ದಾಗ ಐತಿ." ಹಿಂದ ನಿಂತ ಹೆಂಗಸರೆಲ್ಲಾ ಹೌದಂತ ಕೊಡ ಬಡಿದ್ರು. ಅವತ್ತು ಆ ಸಪ್ಪಳದ ಮುಂದ ನಮ್ಮ ಹಲಗಿ ಏನೂ ಅಲ್ಲ.

ಮೆಂಬರ್ ಏನ್ ಮಾಡ್ಯಾನು? ಯುಗಾದಿಕಿಂತ ಮೊದಲ ರಸ್ತಾ ಅಗದು ಪೈಪ್ ಹಾಕಿಸಿ, ಚಿತ್ರ ಇದ್ದ ಜಾಗದಾಗ ಖರೇ ನಳ ಕುಂದ್ರಿಸಿದ. ನೀರೂ ಬಂತು.

ಯುಗಾದಿ ದಿನ ಸಾವ್ಕಾರ್ರು ಬಂದು ನನ್ನ ಕಟ್ಟಿ ಮ್ಯಾಲೆ ಕುಂತ್ರು. ಓಣಿ ಎಲ್ಲಾ ಕೂಡಿತ್ತು. ನನ್ನ ಹೆಂಡ್ತಿ ಬಾಗಲ ಸಂದ್ಯಾಗ ನಿಂತು ದೇವ್ರಿಗೆ ಹರಕಿ ಹೊರಾಕತ್ತಿದ್ಲು.

"ಏನ್ ಅಂತೀರಿ? ಈ ಕಲಾವಿದರು ಇರಬೇಕೋ, ಹೋಗಬೇಕೋ?" ಅಂದ್ರು ಸಾವ್ಕಾರ್ರು.

ಎಲ್ಲಾರೂ ಮುದುಕಿ ಕಡೆ ನೋಡಿದ್ರು. ಮುದುಕಿ ಅಂದ್ಲು: "ಇರ್ಲಿ ಬಿಡ್ರಿ ಸಾವ್ಕಾರ್ರ."

ನಾ ಉಸುರು ಬಿಟ್ಟೆ. ಸಾವ್ಕಾರ್ರಿಗೆ ಖುಷಿ ಆತು. "ಹಂಗಾರ ಇವ್ರ ಹಾಡು, ಆಟ ಎಲ್ಲಾ ಪಸಂದ್ ಬಂದ್ವೇನಬೇ ಯವ್ವಾ?"

"ಹಾಡು ಹಾಳಾಗ್ಲಿ!" ಅಂದ್ಲು ಮುದುಕಿ. "ಇನ್ನಾ ಗಟಾರದ ಚಿತ್ರ ತಗಸೋದೈತಿ, ಸಿಸಿ ರೋಡಿಂದು ತಗಸೋದೈತಿ, ಆಮ್ಯಾಲೆ ನಮ್ಮ ದವಾಖಾನಿ ಗ್ವಾಡಿ ಮ್ಯಾಲೆ ಒಬ್ಬ ಡಾಕ್ಟರನ್ನ ತಗಸೋದೈತಿ!"