ದೊಡ್ಡಪ್ಪನ ನೀಲಿಯನ್ನು ಬೀದಿಗೆ ತಂದ ಮುದ್ರಣಯಂತ್ರದವರಿಗೆ

ಅಕ್ಷರ ಬಲ್ಲ ಸಮಸ್ತ ಸಜ್ಜನರೇ, ಸಾಕ್ಷಿಗಳಾಗಿ ಸಾಲಾಗಿ ನಿಲ್ಲಿರಿ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿರಿ.

ಮಾನ್ಯ ಮುದ್ರಣಯಂತ್ರದವರೇ,

ತಮ್ಮ ಉರುಳೆಗೆ ಎಣ್ಣೆಯೂ ಹೊಟ್ಟೆಗೆ ಕಾಗದವೂ ಕಾಲಕಾಲಕ್ಕೆ ಬೀಳುತ್ತಿರಲೆಂದು ಹಾರೈಸುತ್ತ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಹುಟ್ಟುವ ಮುಂಚೆ ಜ್ಞಾನವೆಂಬುದು ಎಷ್ಟು ಮರ್ಯಾದಸ್ಥವಾಗಿತ್ತು! ತಾನಾಗಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಬೇಕಾದವರೇ ಬಂದು, ಬೆನ್ನು ಬಗ್ಗಿಸಿ, ಬಾಗಿಲಲ್ಲಿ ಕಾಯಬೇಕಿತ್ತು. ನಕಲುಗಾರನೊಬ್ಬ ಒಂದು ಹೊತ್ತಗೆ ಬರೆದು ಮುಗಿಸುವಷ್ಟರಲ್ಲಿ ಅವನ ಗಡ್ಡವೇ ನೆರೆಯುತ್ತಿತ್ತು. ತಾವು ಬಂದಿರಿ, ಗಡಗಡ ಎಂದಿರಿ; ಕಂಠದಲ್ಲಿದ್ದದ್ದು ಕಾಗದಕ್ಕೆ, ಗುಟ್ಟಿನಲ್ಲಿದ್ದದ್ದು ಗೂಡಂಗಡಿಗೆ ಬಂತು.

ನಮ್ಮ ದೊಡ್ಡಪ್ಪ ಬಟ್ಟೆಗೆ ನೀಲಿ ಬಣ್ಣ ಹಾಕುವವರು. ಅವರದು ಬಟ್ಟೆ ಹರಿದರೂ ಬಿಡದ ನೀಲಿ. ಕಲಿಯಲು ಬಂದವರಿಗೆಲ್ಲ ಧಾರಾಳವಾಗಿ ಕಲಿಸಿದರು, ಒಬ್ಬೊಬ್ಬರಿಗೂ ಒಂದೊಂದು ಸಂಗತಿಯನ್ನು ಮಾತ್ರ ನುಂಗಿಕೊಂಡು. ಒಬ್ಬನಿಗೆ ಸುಣ್ಣದ ಅಳತೆ ಹೇಳಲಿಲ್ಲ, ಇನ್ನೊಬ್ಬಳಿಗೆ ಹಂಡೆಯ ಬಿಸಿ ಹೇಳಲಿಲ್ಲ. ಕಸುಬಿನ ಶಿಷ್ಟಾಚಾರವೇ ಹಾಗೆ. ಬಣ್ಣದ ಪುಸ್ತಕ ಬರೆಯಲು ಬಂದ ಕನ್ನಡಕದ ಮಹಾಶಯರಿಗೂ ಅದೇ ಮರ್ಯಾದೆ ಸಂದಿತು: ಸುಣ್ಣ ಹಾಕಿದ ಮೇಲಿನ ಹಂತವೇ ಮಾಯ. ತಾವೋ, ಆ ತೂತನ್ನು ಸಾವಿರ ಪ್ರತಿಗಳಲ್ಲಿ ಅಚ್ಚುಕಟ್ಟಾಗಿ ಹಂಚಿದಿರಿ. ನಕಲುಗಾರನ ತಪ್ಪು ಒಂದು ಮನೆಯನ್ನಷ್ಟೇ ಕೆಡಿಸುತ್ತಿತ್ತು. ತಮ್ಮ ದಕ್ಷತೆಯಿಂದ ಮನೆಮನೆಯ ಬಾಲ್ದಿಗಳೂ ನೀಲಿಯಾದವು, ಬಟ್ಟೆಗಳು ಮಾತ್ರ ಬೆಳ್ಳಗೇ ಉಳಿದವು.

ದೊಡ್ಡಪ್ಪ ನಕ್ಕದ್ದೇ ನಕ್ಕದ್ದು. ಮೊನ್ನೆಯವರೆಗೆ.

ಮೊನ್ನೆ ಹಂಡೆಗೆ ಸುಣ್ಣ ಹಾಕಿ, ಕೋಲು ಹಿಡಿದು ನಿಂತವರು ನಿಂತೇ ಇದ್ದರು. ಮುಂದಿನದು ಮರೆತುಹೋಗಿತ್ತು. ಕೊನೆಗೆ ಒಳಗೆ ಬಂದು, ಅದುವರೆಗೆ ಮೂಸಿಯೂ ನೋಡದಿದ್ದ ಆ ಪುಸ್ತಕವನ್ನೇ ನನ್ನ ಕೈಗಿತ್ತು, "ಓದೋ, ಸುಣ್ಣ ಆದ್ಮೇಲೆ ಏನಂತೆ?" ಎಂದರು. ಪದವೀಧರನಾದ ನಾನು ಪುಟ ತಿರುವಿದ್ದೇ ತಿರುವಿದ್ದು. ದೊಡ್ಡಮ್ಮ ಬಟ್ಟೆ ಹಿಂಡುತ್ತಲೇ, "ಎಲ್ಲರಿಂದ್ಲೂ ಮುಚ್ಚಿಟ್ರಿ, ಈಗ ನಿಮ್ಮಿಂದ್ಲೂ ಮುಚ್ಚಿಟ್ಕೊಂಡ್ರಿ, ಭೇಷ್!" ಎಂದರು. ದೊಡ್ಡಪ್ಪ ತಿರುಗಿ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಆದಕಾರಣ ತಾವು ದಯಮಾಡಿ ಹಿಮ್ಮುಖವಾಗಿ ಸುತ್ತಿ, ಮಾರಿದ ಪ್ರತಿಗಳನ್ನೆಲ್ಲ ಮರಳಿ ನುಂಗಿ, ಮಸಿಯನ್ನು ಸೀಸೆಗೆ ತುಂಬಿ, ಅಚ್ಚಾಗದೆ ಉಳಿದ ಆ ಒಂದು ಸಾಲನ್ನು ದೊಡ್ಡಪ್ಪನ ಬಾಯಿಗೆ ವಾಪಸು ಹಾಕಬೇಕಾಗಿ...

ಸಾಕು. ಇದು ದೂರಲ್ಲ. ದೊಡ್ಡಪ್ಪನ ಹತ್ತಿರ ಕಲಿತವರೇ, ನೀವು ಎಲ್ಲೆಲ್ಲಿದ್ದೀರೋ ನನಗೆ ತಿಳಿಯದು. ಅಲ್ಲಿಗೆಲ್ಲ ಹೋಗಿ ಬಾಗಿಲು ತಟ್ಟಬಲ್ಲದ್ದು ಈ ಯಂತ್ರವೊಂದೇ. ನಿಮಗೆ ಹೇಳದೆ ಅವರು ನುಂಗಿದ್ದು ಬೇರೆ ಸಂಗತಿಯೇ ಇರಬೇಕು. ಸುಣ್ಣ ಆದಮೇಲೆ ಏನು? ಬರೆದು ತಿಳಿಸಿ. ಒಲೆ ಆರಿಸಿಲ್ಲ.

ತಮ್ಮ ವಿಶ್ವಾಸಿ,
ನೀಲಿ ಕೈಯವರ ಮನೆಯ ಬಿಳಿ ಕೈಯವನು

ಮರೆತ ಮಾತು: ಯಂತ್ರದವರೇ, ಅಚ್ಚು ಹಾಕುವಾಗ ಈ ಪತ್ರದ ಒಂದು ಸಾಲನ್ನೂ ನುಂಗಕೂಡದು. ಆ ಹಕ್ಕು ನಮ್ಮ ಮನೆತನಕ್ಕೆ ಮೀಸಲು.